ಅಡಿಯ ಪದರ

ಅಮ್ಮ ಮಾಡಿಟ್ಟ ಚಿತ್ರಗಳಲ್ಲಿ ಹದಿನೇಳನೆಯದನ್ನು ಮಗಳು ಕಂಪ್ಯೂಟರಿನಲ್ಲಿ ತೆರೆದಳು. ಸೇತುವೆಯ ಕಂಬಗಳಿಗೆ ಮರದ ತೊಗಟೆ, ಬೀದಿದೀಪದ ತುದಿಯಲ್ಲಿ ಹಕ್ಕಿಗೂಡು, ಹಿಂದೆ ಒಂದು ಬೋಳು ಗುಡ್ಡ. ಇದರಲ್ಲೂ ಅಮ್ಮ ಇರಲಿಲ್ಲ.

“ಸಿಕ್ತೇನೇ?” ನಡುಮನೆಯಿಂದ ದೊಡ್ಡಮ್ಮ ಕೇಳಿದರು. “ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುತ್ತೆ. ತಲೆ ಹತ್ರ ಇಡೋಕೆ ಒಂದು ಫೋಟೊ ಬೇಡ್ವಾ?”

“ಹುಡುಕ್ತಾ ಇದ್ದೀನಿ ದೊಡ್ಡಮ್ಮ.”

“ಊರವರ ಮೊಡವೆ ಅಳಿಸಿದ್ದೇ ಬಂತು. ತನ್ನದೊಂದು ಮುಖ ಉಳಿಸ್ಕೊಳ್ಳಲಿಲ್ಲ, ನನ್ನ ತಂಗಿ.”

ಫೋನಿನಲ್ಲಿದ್ದ ಫೋಟೊಗಳಲ್ಲೆಲ್ಲ ಅಮ್ಮ ಮುಖಕ್ಕೆ ಕೈ ಅಡ್ಡ ಹಿಡಿದಿದ್ದಳು, ಇಲ್ಲವೇ ಬೆನ್ನು ತಿರುಗಿಸಿದ್ದಳು.

ಅಷ್ಟರಲ್ಲಿ ಫೋಟೊ ಸ್ಟುಡಿಯೊ ಮಾಲೀಕರು ಬಂದರು. ಅಮ್ಮ ಇಪ್ಪತ್ತೆರಡು ವರ್ಷ ದುಡಿದದ್ದು ಅವರ ಬಳಿ. ವಿಷಯ ಕೇಳಿ ಪರದೆಯತ್ತ ಬಾಗಿದರು.

“ಇಲ್ಲೇ ಇದ್ದಾರಲ್ಲಮ್ಮ.”

“ಎಲ್ಲಿ?”

“ಅಡೀಲಿ. ಊಟದ ಹೊತ್ತಲ್ಲಿ ನನ್ನ ಕೈಗೆ ಕ್ಯಾಮೆರಾ ಕೊಟ್ಟು, ನಂದೊಂದು ತೆಗೀರಿ ಅನ್ನೋರು. ಪ್ರತಿ ಚಿತ್ರಕ್ಕೂ ಮೊದಲು ಅದನ್ನ ಹಾಸೋರು, ಅದರ ಮೇಲೆ ಗುಡ್ಡ, ಸೇತುವೆ ಎಲ್ಲಾ. ಬೇರೆ ಪ್ರತಿ ಇಟ್ಕೊಳ್ತಿರಲಿಲ್ಲ. ‘ಯಾರಿಗೂ ಕಾಣದಿದ್ರೂ ನಾನು ಒಳಗೆ ಕೂತಿರ್ತೀನಿ’ ಅಂತ ನಗೋರು. ಮೇಲಿನ ಪದರಗಳನ್ನ ಮರೆ ಮಾಡು, ಕಾಣ್ತಾರೆ.”

ಪರದೆಯ ಬದಿಯ ಪದರಗಳ ಪಟ್ಟಿಗೆ ಅವರು ಬೆರಳಿಟ್ಟರು. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತಿರುತ್ತದೆ. ಒತ್ತಿದರೆ ಆ ಪದರ ಮರೆಯಾಗುತ್ತದೆ.

ಪಟ್ಟಿಯಲ್ಲಿ ಒಂದೇ ಸಾಲಿತ್ತು. ಒಂದೇ ಕಣ್ಣು.

ಅವರು ಇನ್ನೊಂದು ಚಿತ್ರ ತೆರೆದರು, ಮತ್ತೊಂದು ತೆರೆದರು. “ಯಾರಮ್ಮ ಎಲ್ಲಾ ಸೇರಿಸಿ ಒಂದು ಮಾಡಿದ್ದು? ಇನ್ನು ಅಡಿಯದು ಸಿಗಲ್ಲ.”

ಮಗಳು ಮತ್ತೆ ಹದಿನೇಳನೆಯದನ್ನು ತೆರೆದಳು. ಪರದೆಯ ಮೇಲಿನ ಗುಡ್ಡ ಒಂದು ಬದಿಗೆ ಜಗ್ಗಿತ್ತು. ಕ್ಯಾಮೆರಾ ಚೀಲ ಹೊತ್ತೂ ಹೊತ್ತೂ ಅಮ್ಮನ ಎಡ ಹೆಗಲು ಜಗ್ಗಿದ್ದೂ ಹೀಗೆಯೇ.

*

ಚಿಕ್ಕಂದಿನಲ್ಲಿ ದಿನಾ ಶಾಲೆ ಬಿಟ್ಟ ಮೇಲೆ ಮಗಳು ಸ್ಟುಡಿಯೊದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಪಾಸ್‌ಪೋರ್ಟ್ ಫೋಟೊಗೆ ಬಂದವರಿಗೆಲ್ಲ ಅಮ್ಮ ಕಂಪ್ಯೂಟರಿನಲ್ಲಿ ಅದೇ ಒಂದು ಕಪ್ಪು ಕೋಟು ತೊಡಿಸುತ್ತಿದ್ದಳು.

“ಅರ್ಧ ಊರು ಈ ಕೋಟೊಳಗಿದೆ ಕಣೆ.”

“ನೀನ್ಯಾವಾಗ ಹಾಕ್ಕೊಳ್ತೀಯಮ್ಮ?”

“ಊರವರು ಹಾಕಿ ಬಿಟ್ಟದ್ದು ನನಗ್ಯಾಕೆ?”

ಗಿರಾಕಿಗಳ ಬೆನ್ನ ಹಿಂದಿನಿಂದ ಕತ್ತರಿಸಿ ತೆಗೆದ ಗೋಡೆ, ತಂತಿ, ಮರಗಳನ್ನೆಲ್ಲ ಅಮ್ಮ ಮನೆಗೆ ತರುತ್ತಿದ್ದಳು. ಪಾತ್ರೆ ತೊಳೆದ ಕೈ ಒರೆಸಿಕೊಂಡು ಅವುಗಳಿಂದಲೇ ತನ್ನ ಚಿತ್ರ ಕಟ್ಟುತ್ತಿದ್ದಳು. ಕ್ರೇನಿನ ಕೊಕ್ಕಿಗೆ ಜೋತ ಮೋಡ. ನಲ್ಲಿಯಿಂದ ಇಳಿಯುವ ಹೊಳೆ. ಯಾರೂ ಕೇಳಿದ್ದಲ್ಲ, ಯಾರೂ ಕೊಂಡದ್ದೂ ಇಲ್ಲ.

*

ಕಳೆದ ಬಾರಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಮೊಮ್ಮಗಳ ಶಾಲಾ ನಾಟಕದ ವಿಡಿಯೊ ಹಾಕಲು ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಅಮ್ಮನ ಚಿತ್ರಗಳು ಒಂದೊಂದೂ ಆನೆಗಾತ್ರ. ಅಳಿಸಲು ಮಗಳಿಗೆ ಮನಸ್ಸಾಗಲಿಲ್ಲ. ಪದರಗಳನ್ನು ಬೆಸೆದು ಒಂದು ಮಾಡಿ, ಅದೇ ಹೆಸರಿನಲ್ಲಿ ಉಳಿಸಿದಳು. ಕಣ್ಣಿಗೆ ಚಿತ್ರ ಮೊದಲಿನಂತೆಯೇ ಇತ್ತು. ಒಂದೇ ಮಧ್ಯಾಹ್ನ ನಲವತ್ತಮೂರು ಚಿತ್ರಗಳೂ ಮುಗಿದವು.

ಮನೆಗೆ ಬಂದ ನಾಲ್ಕನೇ ದಿನ ಅಮ್ಮ ಕಂಪ್ಯೂಟರಿನ ಮುಂದೆ ಕೂತಳು. ಮಗಳು ಒಲೆಯ ಮುಂದಿನಿಂದಲೇ ಕೂಗಿ ಹೇಳಿದಳು: “ಜಾಗ ಮಾಡಿದ್ದೀನಿ ಕಣಮ್ಮ. ನಿನ್ನ ಪದರಗಳನ್ನೆಲ್ಲ ಸೇರಿಸಿಬಿಟ್ಟೆ. ಚಿತ್ರ ಏನೂ ಹಾಳಾಗಿಲ್ಲ.”

ಮೌಸಿನ ಟಿಕ್ ಟಿಕ್ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು.

“ಜಾಗ ಆಯ್ತಲ್ಲ,” ಅಂದಳು ಅಮ್ಮ. “ಒಳ್ಳೇದಾಯ್ತು ಬಿಡು. ಮಗೂದು ನಾಟಕ ಹಾಕು, ನೋಡೋಣ.”

ನಾಟಕ ಮುಗಿದ ಮೇಲೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿದವಳು ಮತ್ತೆ ತೆಗೆಯಲಿಲ್ಲ. ಕಾಯಿಲೆಯ ನಿತ್ರಾಣವೆಂದುಕೊಂಡಳು ಮಗಳು. ಕೇಳಿದವರಿಗೆಲ್ಲ ಹಾಗೆಯೇ ಹೇಳಿದ್ದಳು ಕೂಡ.

*

ಹತ್ತೂಮುಕ್ಕಾಲಿಗೆ ಮಾಲೀಕರು ಸ್ಟುಡಿಯೊಗೆ ಹೋಗಿ ಒಂದು ಫೋಟೊಗೆ ಚೌಕಟ್ಟು ಹಾಕಿಸಿಕೊಂಡು ಬಂದರು. ಅಮ್ಮನ ಹಳೆಯ ಕೆಲಸದ ಕಾರ್ಡಿನಿಂದ ತೆಗೆದ ಮುಖ. ಕತ್ತಿನ ಕೆಳಗೆ ಕಪ್ಪು ಕೋಟು.

“ಅವಸರಕ್ಕೆ ಇಷ್ಟೇ ಆಗಿದ್ದು,” ಎಂದರು ತಲೆ ತಗ್ಗಿಸಿ. “ಕೂದಲ ಸುತ್ತ ಬಿಳಿ ಅಂಚು ಉಳಿದಿದೆ. ಅವರಾಗಿದ್ರೆ ಬಿಡ್ತಿರಲಿಲ್ಲ.”

“ಆಫೀಸರ್ ಥರ ಇದ್ದಾರೆ,” ಅಂದಳು ಪಕ್ಕದ ಮನೆಯವಳು.

“ಜೀವ ಬಂದ ಹಾಗಿದೆ,” ದೊಡ್ಡಮ್ಮ ಮೂಗೊರೆಸಿಕೊಂಡರು. “ಬದುಕಿದ್ದಾಗ ಒಂದು ದಿನ ಹೀಗೆ ನೆಟ್ಟಗೆ ಕೂತವಳಲ್ಲ.” ಮತ್ತೆ ಮಗಳ ಕಡೆ ತಿರುಗಿದರು. “ಹಾಗಾದ್ರೆ ಅಷ್ಟು ಚಿತ್ರದಲ್ಲಿ ಎಲ್ಲೂ ಇರಲೇ ಇಲ್ವೇನೇ ಅವಳು?”

ಮಾಲೀಕರು ಬಾಗಿಲ ಕಡೆ ನೋಡಿದರು.

“ಇರಲಿಲ್ಲ ದೊಡ್ಡಮ್ಮ.”

ಗಾಡಿ ಬಂತು. ಮುಂದಿನ ಸೀಟಿನಲ್ಲಿ ಮಗಳು ಕೂತಳು. ಜನರಿಗೆ ಕಾಣುವಂತೆ ಮುಖ ಹೊರಗೆ ಮಾಡಿ ಫೋಟೊವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಕೋಟಿನ ಎರಡೂ ಹೆಗಲು ಗೆರೆ ಎಳೆದಂತೆ ಸಮವಾಗಿದ್ದವು. ತಿರುವಿನಲ್ಲಿ ಅವಳು ಎಡಗೈ ಸ್ವಲ್ಪ ತಗ್ಗಿಸಿದಳು; ಕೋಟಿನ ಎಡ ಹೆಗಲು ಇಳಿಯಿತು.

“ಫೋಟೊ ವಾಲ್ತಾ ಇದೆ ಕಣೆ,” ಹಿಂದಿನಿಂದ ದೊಡ್ಡಮ್ಮ ಕೈಚಾಚಿ ಅದನ್ನು ನೆಟ್ಟಗೆ ಮಾಡಿದರು.

ಮಗಳು ಮತ್ತೆ ಎಡಗೈ ತಗ್ಗಿಸಿದಳು.