ಗುಲಾಬಿಗೆ ಸಿಕ್ಕಿದ ಬೆಲೆ

ಊರಿನ ಹೆಸರು ಹೇಳಿದರೆ ಅಲ್ಲಿಯವರು ಇದು ತಮ್ಮ ಮೇಲೆಯೇ ಕಟ್ಟಿದ ಕಥೆಯೆಂದು ಜಗಳಕ್ಕೆ ಬಂದಾರು; ಹಾಗಾಗಿ ಹೆಸರು ಹೇಳದೆ ಬಿಟ್ಟಿರುವ ಒಂದು ಊರಿನಲ್ಲಿ ವಾರಿಜ ಎಂಬವಳಿದ್ದಳು. ಅವಳ ಮನೆಗೂ ಗುಲಾಬಿಯ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಬೀದಿಗೆ ಬಂದವರು. ಗೋಡೆಯ ಮೇಲಿಂದ ಮಜ್ಜಿಗೆ, ಸೂಜಿದಾರ, ಅತ್ತೆಯಂದಿರ ಮೇಲಿನ ದೂರು ಎಲ್ಲವೂ ಅತ್ತಿಂದಿತ್ತ ಹಾಯುತ್ತಿದ್ದವು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳ ಮನೆಯಲ್ಲಿ ಗಂಜಿ ಬೇಯುತ್ತಿತ್ತು. ಯಾರಿಗೆ ಏನು ಹೆಚ್ಚು, ಯಾರಿಗೆ ಏನು ಕಡಿಮೆ ಎಂದು ಅಳೆದು ನೋಡುವ ಸಂದರ್ಭ ಅವರಿಗೆ ಬಂದಿರಲಿಲ್ಲ.

ಬೀದಿಯ ತಿರುವಿನಲ್ಲಿ ಅಂತೋನಿಯ ಅಂಗಡಿಯಿತ್ತು. ಬೇಳೆ, ಬೆಲ್ಲ, ಸೋಪು, ಸೀಮೆಸುಣ್ಣ, ಏನು ಕೇಳಿದರೂ ಅವನು ಹಿಂದಿನ ಕತ್ತಲೆಗೆ ಹೋಗಿ ಹುಡುಕಿ ತರುತ್ತಿದ್ದ. ಇಡೀ ಊರಿಗೆ ಅದೊಂದೇ ಅಂಗಡಿ. ಹೀಗಿರುವಾಗ ಊರಾಚೆಯ ಬಯಲಿನಲ್ಲಿ ದೊಡ್ಡ ಅಂಗಡಿ ಬಂತು. ಗಾಜಿನ ಬಾಗಿಲು, ತಂಪು ಗಾಳಿ, ಒಳಗೆ ಹಗಲಿಗಿಂತ ಹೆಚ್ಚು ಬೆಳಕು. ಅದರ ಯಜಮಾನನನ್ನು ಯಾರೂ ಕಂಡಿರಲಿಲ್ಲ. ಕೇಳುವುದಿದ್ದರೆ ಬಾಗಿಲ ಬಳಿಯ ಕೌಂಟರಿನಲ್ಲಿ ಕುಳಿತವನನ್ನು ಕೇಳಬೇಕು. ಅವನು ಯಾರು ಏನೇ ಕೇಳಿದರೂ ನಗುತ್ತಲೇ ಉತ್ತರ ಕೊಡುತ್ತಿದ್ದ.

ದೊಡ್ಡ ಅಂಗಡಿಯ ಬಾಗಿಲು ತೆರೆದ ದಿನದಿಂದಲೇ ವಾರಿಜ ಅದರ ಗಿರಾಕಿಯಾದಳು. ಉಪ್ಪಿನಿಂದ ಹಿಡಿದು ಊದುಬತ್ತಿಯವರೆಗೆ ಎಲ್ಲವನ್ನೂ ಅಲ್ಲಿಂದಲೇ ತಂದಳು. ಗುಲಾಬಿ ಮಾತ್ರ ಅಂತೋನಿಯ ಬಳಿಗೇ ಹೋಗುತ್ತಿದ್ದಳು. "ಅಷ್ಟು ದೂರ ಯಾರು ನಡೆಯುತ್ತಾರೆ ಮಾರಾಯ್ತಿ" ಎಂದು ಅವಳು ಹೇಳಿದಾಗ ವಾರಿಜ, "ನಿನಗೆ ಒಳ್ಳೆಯದು ಯಾವುದೆಂದು ಯಾವಾಗ ಗೊತ್ತಾಗುತ್ತದೋ" ಎಂದು ನಕ್ಕಿದ್ದಳು.

ಮಳೆಗಾಲ ಕಳೆದ ಮೇಲೆ ಅಂಗಡಿಯವರು ಮನೆಮನೆಗೆ ಕೂಪನ್ ಹಂಚಿದರು. ಒಂದೊಂದರ ಮೇಲೂ ಮನೆಯೊಡತಿಯ ಹೆಸರು ಅಚ್ಚಾಗಿತ್ತು. ವಾರಿಜ ತನ್ನದನ್ನು ತೆರೆದು ನೋಡಿ ಸಂತೋಷಪಟ್ಟಳು. ಸಕ್ಕರೆಗೂ ಎಣ್ಣೆಗೂ ಅಲ್ಪಸ್ವಲ್ಪ ರಿಯಾಯಿತಿಯಿತ್ತು. ಆ ಸಂತೋಷ ಗೋಡೆಯ ಬಳಿಗೆ ಹೋಗುವವರೆಗೆ ಉಳಿಯಿತು.

"ನನಗೂ ಒಂದು ಕೊಟ್ಟು ಹೋದರು," ಗುಲಾಬಿ ತನ್ನ ಕೂಪನ್ನನ್ನು ಗೋಡೆಯ ಮೇಲಿಟ್ಟಳು. "ಎಲ್ಲದಕ್ಕೂ ಅರ್ಧ ಬೆಲೆಯಂತೆ. ನಾನು ಹೋಗುವವಳಲ್ಲ. ಬೇಕಾದರೆ ನೀನೇ ಇಟ್ಟುಕೋ."

ವಾರಿಜ ಅದನ್ನು ಎತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಅರ್ಧ ಬೆಲೆ. ತಾನು ಬಿಸಿಲಿನಲ್ಲಿ ನಡೆದು ನಡೆದು ಆ ಅಂಗಡಿಯನ್ನು ಬೆಳೆಸಿದವಳು. ಗುಲಾಬಿ ಅದರ ಹೊಸಿಲನ್ನೂ ದಾಟಿದವಳಲ್ಲ. ಗುಲಾಬಿ ಕೂಪನ್ನನ್ನು ಬಚ್ಚಿಟ್ಟುಕೊಂಡಿದ್ದರೆ, ಮೆರೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಹಳೆಯ ಬಟ್ಟೆ ಕೊಡುವಷ್ಟು ಸಲೀಸಾಗಿ ಕೊಟ್ಟುಬಿಟ್ಟಳಲ್ಲ, ಅದು ವಾರಿಜಳನ್ನು ಇರಿಯಿತು.

ಆದರೂ ಅವಳು ಕೂಪನ್ ತೆಗೆದುಕೊಂಡು ಅಂಗಡಿಗೆ ಹೋದಳು. ಕೌಂಟರಿನವನು ನಗುತ್ತಲೇ ಅದನ್ನು ಹಿಂದಿರುಗಿಸಿದ.

"ಇದು ಗುಲಾಬಿಯವರ ಹೆಸರಿನಲ್ಲಿದೆ. ನಿಮಗೆ ಸಲ್ಲುವುದಿಲ್ಲ."

"ಅವಳು ಇಲ್ಲಿಗೆ ಬರುವುದೇ ಇಲ್ಲವಲ್ಲ?"

"ಅದಕ್ಕೇ ಕೊಟ್ಟದ್ದು ಅಮ್ಮಾ. ಬಾರದವರನ್ನು ಕರೆಯಬೇಕಲ್ಲ? ನೀವು ಹೇಗೂ ಬರುತ್ತೀರಿ."

ವಾರಿಜ ಆ ಮಾತನ್ನು ಮನೆಯವರೆಗೆ ಹೊತ್ತುಕೊಂಡು ಬಂದಳು. ಗಂಡ ಶೀನಪ್ಪ ಜಗಲಿಯಲ್ಲಿ ಬೀಡಿ ಸೇದುತ್ತಿದ್ದ. ಎಲ್ಲವನ್ನೂ ಕೇಳಿ, "ಹಾಗಾದರೆ ನೀನೂ ಹೋಗಬೇಡ" ಎಂದ. ಅವನು ತಮಾಷೆಗೆ ಹೇಳಿದ್ದು. ಅವಳು ಹಾಗೆಯೇ ಮಾಡಿದಳು. ಹಬ್ಬ ಬಂದರೂ ಅಂಗಡಿಯ ಕಡೆ ತಲೆ ಹಾಕಲಿಲ್ಲ; ಅಂತೋನಿಯ ಬಳಿಗೆ ಮರಳಲು ಅಭಿಮಾನ ಬಿಡಲಿಲ್ಲ. ಬೆಲ್ಲ ಮುಗಿದರೆ ಚಹಾಕ್ಕೆ ಉಪ್ಪಿನ ಚೂರು ಹಾಕಿದಳು. ಶೀನಪ್ಪ ಮುಖ ಕಿವುಚಿ ಕುಡಿದ. ಗುಲಾಬಿಯಷ್ಟೇ ದೂರದವಳಾಗಿ ಕಂಡರೆ ತನಗೂ ಅರ್ಧ ಬೆಲೆಯ ಕೂಪನ್ ಬರುತ್ತದೆಂದು ಅವಳು ಕಾದಳು.

ಕೂಪನ್ ಬಂತು. ಅದರ ಜೊತೆಗೆ ಹೊಸ ನಿಯಮವೂ ಬಂತು. ವಾರ ತಪ್ಪದೆ ಬಂದವರಿಗೆ ಮಾತ್ರ ದೊಡ್ಡ ರಿಯಾಯಿತಿ, ನಡುವೆ ಬಿಟ್ಟವರಿಗೆ ಚಿಕ್ಕದು. ವಾರಿಜಳಿಗೆ ಚಿಕ್ಕದು ಸಿಕ್ಕಿತು. ಗುಲಾಬಿಗೆ ಈ ಸಲ ಏನೂ ಬರಲಿಲ್ಲ. ಇದನ್ನು ಕೇಳಿ ವಾರಿಜಳಿಗೆ ತನ್ನ ನಷ್ಟ ಅರ್ಧ ಮರೆತುಹೋಯಿತು. ಆದರೆ ಗುಲಾಬಿ, "ಬಾರದಿದ್ದರೆ ಒಳ್ಳೆಯದಾಯಿತು, ಸುಮ್ಮನೆ ಕಸ" ಎಂದುಬಿಟ್ಟಳು. ಆಗ ಮತ್ತೆ ಎಲ್ಲವೂ ನೆನಪಾಯಿತು.

ಕೆಲವೇ ದಿನಗಳಲ್ಲಿ ಅಂಗಡಿಯ ಗೋಡೆಯ ಮೇಲೆ ಇನ್ನೊಂದು ನಿಯಮ ಏರಿತು. ಊರಿನ ಬೇರೆ ಯಾವುದೇ ಅಂಗಡಿಯಲ್ಲಿ ಅದೇ ವಸ್ತು ಕಡಿಮೆಗೆ ಸಿಕ್ಕರೆ ಆ ಬೆಲೆಗೇ ಇಲ್ಲಿಯೂ ಕೊಡಲಾಗುವುದು. ಆ ಅಂಗಡಿಯವನ ಕೈಬರಹದ ಚೀಟಿ ತಂದು ತೋರಿಸಬೇಕು. ಬೇರೆ ಅಂಗಡಿ ಎಂದರೆ ಅಂತೋನಿಯದೇ. ವಾರಿಜ ಬಹಳ ಕಾಲದ ಮೇಲೆ ಅವನ ಮೆಟ್ಟಿಲು ಹತ್ತಿದಳು.

"ಏನು ಬೇಕು ವಾರಿಜಕ್ಕ?" ಅಂತೋನಿಯ ಮುಖ ಅರಳಿತು.

"ತೊಗರಿಬೇಳೆಯ ಬೆಲೆ."

"ಬೇಳೆ?"

"ಬೇಳೆ ಬೇಡ. ಬೆಲೆ ಬರೆದುಕೊಟ್ಟರೆ ಸಾಕು."

ಅಂತೋನಿ ಪೊಟ್ಟಣ ಕಟ್ಟುವ ಕಾಗದವೊಂದನ್ನು ಹರಿದು ಬರೆದುಕೊಟ್ಟ. ಅವಳು ಅದನ್ನು ತೋರಿಸಿ ದೊಡ್ಡ ಅಂಗಡಿಯಲ್ಲಿ ಬೇಳೆ ತಂದಳು, ಗೋಡೆಯ ಬಳಿ ನಿಂತು ಗುಲಾಬಿಗೆ ಕೇಳುವ ಹಾಗೆ ಅದನ್ನು ಡಬ್ಬಿಗೆ ಸುರಿದಳು.

ಮರುದಿನ ಬೀದಿಯ ಹೆಂಗಸರೆಲ್ಲ ಅಂತೋನಿಯ ಮೆಟ್ಟಿಲ ಮೇಲಿದ್ದರು. ಎಲ್ಲರಿಗೂ ಬೆಲೆ ಬೇಕಿತ್ತು, ಯಾರಿಗೂ ಸಾಮಾನು ಬೇಕಿರಲಿಲ್ಲ. ಅವನು ಬರೆದ, ಬರೆದ, ಅವನ ಪೊಟ್ಟಣದ ಕಾಗದವೇ ಮುಗಿಯಿತು. ಅವರನ್ನು ಹಿಡಿದಿಡಲು ಅವನು ಬೆಲೆ ಇಳಿಸಿದ. ಆ ಇಳಿದ ಬೆಲೆಯ ಚೀಟಿ ಸಂಜೆಗೆ ಮೊದಲೇ ದೊಡ್ಡ ಅಂಗಡಿಯ ಕೌಂಟರು ಮುಟ್ಟಿತ್ತು. ಇನ್ನೂ ಇಳಿಸಿದ. ಅದೂ ಮುಟ್ಟಿತು. ಕೊನೆಗೆ ಅವನ ಅಕ್ಕಿಮೂಟೆಗಳ ಮೇಲೆ ಬೆಕ್ಕು ಹಾಯಾಗಿ ಮಲಗತೊಡಗಿತು.

ಅವನಿಂದ ಸಾಮಾನು ಕೊಳ್ಳುವವಳು ಗುಲಾಬಿ ಒಬ್ಬಳೇ ಉಳಿದಳು. ಇಳಿದ ಬೆಲೆಯೆಲ್ಲ ನಡೆಯುವ ಕಷ್ಟವಿಲ್ಲದೆ, ಚೀಟಿಯ ರಗಳೆಯಿಲ್ಲದೆ, ಮನೆಯ ತಿರುವಿನಲ್ಲೇ ಅವಳಿಗೆ ಸಿಗುತ್ತಿತ್ತು. ವಾರಿಜ ಇದನ್ನು ಕಿಟಕಿಯಿಂದ ನೋಡುತ್ತಿದ್ದಳು. ಒಂದು ಮಧ್ಯಾಹ್ನ ಅಂತೋನಿ ಗುಲಾಬಿಯ ಚೀಲಕ್ಕೆ ಒಂದು ಹಿಡಿ ಕರಿಬೇವು ಹಾಕಿದ್ದನ್ನೂ ಕಂಡಳು. ಅದಕ್ಕೆ ಅವನು ಏನನ್ನೂ ಕೇಳಲಿಲ್ಲ. ಗುಲಾಬಿಯೂ ಕೇಳಿ ಪಡೆದದ್ದಲ್ಲ.

ಆ ಕರಿಬೇವು ವಾರಿಜಳ ತಲೆಯಿಂದ ಇಳಿಯಲಿಲ್ಲ. ಒಲೆಯ ಮುಂದೆ ಕೂತರೆ ಪಕ್ಕದ ಮನೆಯ ಒಗ್ಗರಣೆಯ ಪರಿಮಳ ಗೋಡೆ ಹತ್ತಿ ಬರುತ್ತಿತ್ತು. ಅವಳು ಎದ್ದು ಕಿಟಕಿ ಮುಚ್ಚುತ್ತಿದ್ದಳು, ಮತ್ತೆ ತೆರೆದು ಮೂಸುತ್ತಿದ್ದಳು. ಕೊನೆಗೆ ತಡೆಯಲಾರದೆ ಕೌಂಟರಿಗೆ ಹೋದಳು.

"ಬೇರೆ ಅಂಗಡಿಯವನು ಸುಮ್ಮನೆ ಕೊಡುವುದಕ್ಕೆ ನಿಮ್ಮಲ್ಲಿ ನಿಯಮ ಇದೆಯಾ?"

"ಸುಮ್ಮನೆ ಎಂದರೆ?"

"ಅಂತೋನಿ ಗುಲಾಬಿಗೆ ಕರಿಬೇವು ಕೊಡುತ್ತಾನೆ. ಬಿಟ್ಟಿ. ಅವಳಿಗೊಬ್ಬಳಿಗೇ."

ಕೌಂಟರಿನವನು ಮೊದಲ ಸಲ ನಗುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಇನ್ನೇನು ಕೊಡುತ್ತಾನೆ, ಯಾವ ದಿನ ಹೊಸ ಸರಕು ತರಿಸುತ್ತಾನೆ, ಯಾವುದು ಅವನಲ್ಲಿ ಬೇಗ ಖಾಲಿಯಾಗುತ್ತದೆ ಎಂದೆಲ್ಲ ವಿಚಾರಿಸಿದ. ವಾರಿಜ ಹೇಳಿದಳು. ಇಷ್ಟು ಕಾಳಜಿಯಿಂದ ತನ್ನ ಮಾತನ್ನು ಯಾರಾದರೂ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. "ಆಗಾಗ ಬಂದು ಹೇಳುತ್ತಿರಿ" ಎಂದು ಅವನು ಅವಳ ಹೆಸರಿನಲ್ಲಿ ಒಂದು ದೊಡ್ಡ ಕೂಪನ್ ಬರೆದುಕೊಟ್ಟ.

ಅದೇ ವಾರ ದೊಡ್ಡ ಅಂಗಡಿಯಲ್ಲಿ ಪ್ರತಿಯೊಬ್ಬರ ಚೀಲಕ್ಕೂ ಕರಿಬೇವಿನ ಪೊಟ್ಟಣ ಬೀಳತೊಡಗಿತು. ಅಂತೋನಿಯಲ್ಲಿ ಯಾವುದು ಬೇಗ ಖಾಲಿಯಾಗುತ್ತಿತ್ತೋ ಅದು ಅಲ್ಲಿ ಅವನು ಕೊಂಡುತರುವ ಬೆಲೆಗಿಂತಲೂ ಅಗ್ಗವಾಯಿತು. ಒಂದು ಬೆಳಿಗ್ಗೆ ಗುಲಾಬಿ ಬರಿಯ ಚೀಲ ಹಿಡಿದು ತಿರುವಿನಿಂದ ವಾಪಸು ಬಂದಳು.

"ಅಂತೋನಿ ಬಾಗಿಲು ಹಾಕಿಬಿಟ್ಟ," ಅವಳ ಕಣ್ಣು ಒದ್ದೆಯಾಗಿತ್ತು. "ನನ್ನೊಬ್ಬಳಿಗೋಸ್ಕರ ಎಷ್ಟು ದಿನ ಅಂತ ತೆರೆದಿಡುತ್ತಾನೆ, ಪಾಪ. ಉಳಿದ ಬೇಳೆಯನ್ನೆಲ್ಲ ಬೀದಿಗೆ ಹಂಚಿ ಹೋಗುತ್ತಾನಂತೆ. ನಿನಗೂ ಒಂದು ಪಾಲು ಇಟ್ಟಿದ್ದಾನೆ. ಹೋಗಿ ತೆಗೆದುಕೋ."

"ನಿನಗೆ ಎಷ್ಟು ಕೊಟ್ಟ?" ವಾರಿಜ ಕೇಳಿದಳು.

ಗುಲಾಬಿ ಅವಳ ಮುಖವನ್ನೇ ನೋಡಿದಳು. ಬರಿಯ ಚೀಲವನ್ನು ಮಡಚಿಕೊಂಡು ಒಳಗೆ ಹೋದಳು. ಆ ಮೇಲೆ ಗೋಡೆಯ ಬಳಿ ಅವಳು ನಿಲ್ಲುವುದು ಕಡಿಮೆಯಾಯಿತು.

ಮುಂದಿನ ಸಲ ವಾರಿಜ ದೊಡ್ಡ ಅಂಗಡಿಗೆ ಹೋದಾಗ ಅಂತೋನಿ ಅಲ್ಲಿದ್ದ. ಅಂಗಡಿಯ ಹಸಿರು ಅಂಗಿ ತೊಟ್ಟು ಬಾಗಿಲ ಬಳಿ ನಿಂತು ಹೋಗುವವರ ಬಿಲ್ಲಿಗೆ ಮುದ್ರೆ ಒತ್ತುತ್ತಿದ್ದ. "ಚೆನ್ನಾಗಿದ್ದೀರಾ ವಾರಿಜಕ್ಕ?" ಎಂದು ಅದೇ ದನಿಯಲ್ಲಿ ಕೇಳಿದ. ಅವಳು ತಲೆಯಾಡಿಸಿ ಒಳಗೆ ಹೋದಳು. ಬೇಳೆಯ ಬೆಲೆ ಎಷ್ಟು ಏರಿತ್ತೆಂದರೆ, ಬೇರಾವುದೋ ದುಬಾರಿ ಸಾಮಾನಿನ ಬೆಲೆಪಟ್ಟಿ ತಪ್ಪಿ ಇಲ್ಲಿ ಅಂಟಿದೆಯೆಂದುಕೊಂಡಳು. ಅಕ್ಕಿಯದೂ ಹಾಗೆಯೇ ಇತ್ತು. ಎಣ್ಣೆಯನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟಳು. ಅವಳ ದೊಡ್ಡ ಕೂಪನ್ನನ್ನು ಕೌಂಟರಿನವನು ನೋಡಿ, ಇದರ ಅವಧಿ ಮುಗಿದಿದೆಯೆಂದ.

"ಹೊಸದು ಯಾವಾಗ ಕೊಡುತ್ತೀರಿ?"

"ಕೂಪನ್ ನಿಲ್ಲಿಸಿದ್ದೇವೆ ಅಮ್ಮ."

"ಬೇರೆ ಅಂಗಡಿಯ ಬೆಲೆಗೆ ಕೊಡುತ್ತೇವೆ ಎಂದಿರಲ್ಲ?"

"ಆ ನಿಯಮ ಈಗಲೂ ಇದೆ. ಊರಿನ ಬೇರೆ ಯಾವ ಅಂಗಡಿಯ ಚೀಟಿ ತಂದರೂ ಸರಿ." ಅವನ ನಗು ಮರಳಿ ಬಂದಿತ್ತು.

"ನಾನು ನಿಮಗೆ ಎಷ್ಟೆಲ್ಲ ಸುದ್ದಿ ತಂದುಕೊಟ್ಟೆ."

"ಅದಕ್ಕೆ ಕೃತಜ್ಞರು. ಇನ್ನು ತರುವ ಕಷ್ಟ ನಿಮಗೆ ಬೇಡ."

ವಾರಿಜ ಕೌಂಟರಿನ ಅಂಚನ್ನು ಹಿಡಿದುಕೊಂಡು ನಿಂತಳು. ಅವಳ ಮನಸ್ಸಿನಲ್ಲಿ ಬೇಳೆ, ಅಕ್ಕಿ, ಎಣ್ಣೆ ಒಂದರ ಮೇಲೊಂದು ಬಿದ್ದವು; ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಭಾರವಾಗಿ ಒಂದು ಪ್ರಶ್ನೆ ಬಿತ್ತು. ಅವಳು ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದಳು.

"ಗುಲಾಬಿಗೆ?"

"ಯಾರಿಗೂ ಇಲ್ಲ. ಎಲ್ಲರಿಗೂ ಒಂದೇ ಬೆಲೆ."

"ಗುಟ್ಟಾಗಿಯೂ ಇಲ್ಲವಾ?"

"ಬೇಕಾದರೆ ನೀವೇ ನೋಡಿ." ಅವನು ಬಿಲ್ಲಿನ ಸಾಲಿನ ಕಡೆ ಕೈ ತೋರಿಸಿದ.

ಸಾಲಿನಲ್ಲಿ ಗುಲಾಬಿ ನಿಂತಿದ್ದಳು. ಬಿಸಿಲಿನಲ್ಲಿ ನಡೆದು ಬಂದ ಅವಳ ಮುಖ ಕೆಂಪಾಗಿತ್ತು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದಳು. ವಾರಿಜ ತನಗೆ ಬೇಕಾದ್ದರಲ್ಲಿ ಅರ್ಧವನ್ನು ಮಾತ್ರ ಎತ್ತಿಕೊಂಡು ಹೋಗಿ ಅವಳ ಹಿಂದೆ ನಿಂತಳು. ಗುಲಾಬಿಯ ಹೆಗಲ ಮೇಲಿಂದ ಕತ್ತು ಚಾಚಿ ನೋಡಿದಳು. ಯಂತ್ರ ಒಂದೊಂದನ್ನೇ ಓದಿತು. ಬೇಳೆಗೆ ಅದೇ ಬೆಲೆ, ಅಕ್ಕಿಗೆ ಅದೇ, ಎಣ್ಣೆಗೂ ಒಂದು ಪೈಸೆ ಕಡಿಮೆಯಿರಲಿಲ್ಲ. ಗುಲಾಬಿ ಸೊಂಟದಲ್ಲಿದ್ದ ಪರ್ಸನ್ನು ಎರಡು ಸಲ ತಡಕಿ, ಎಣ್ಣೆಯ ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟು, ಉಳಿದುದನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಕರಿಬೇವಿನ ಪೊಟ್ಟಣವನ್ನೂ ಯಾರೂ ಹಾಕಲಿಲ್ಲ.

ವಾರಿಜ ಹಗುರಾಗಿ ಮನೆಗೆ ನಡೆದಳು. ಚೀಲವೂ ಹಗುರವಾಗಿತ್ತು, ಆದರೆ ಅದು ಅವಳ ಗಮನಕ್ಕೆ ಬರಲಿಲ್ಲ. ಮಧ್ಯಾಹ್ನ ಶೀನಪ್ಪ ತಟ್ಟೆಯ ಮುಂದೆ ಕೂತು ಸಾರನ್ನು ಸೌಟಿನಿಂದ ಕಲಕಿ ನೋಡಿದ. ಅಡಿಯಲ್ಲಿ ಬೇಳೆ ಇರಬೇಕಾದಲ್ಲಿ ಪಾತ್ರೆಯ ತಳ ಕಾಣುತ್ತಿತ್ತು.

"ಏನಿದು, ಬರೀ ನೀರು?"

"ಬೆಲೆ ಏರಿದೆ."

"ಕೂಪನ್ ಇತ್ತಲ್ಲ?"

"ಇಲ್ಲ. ಎಲ್ಲ ನಿಲ್ಲಿಸಿದ್ದಾರೆ." ಅವಳು ಗಂಡನ ಪಕ್ಕದಲ್ಲಿ ಕೂತು ತನ್ನ ತಟ್ಟೆಯನ್ನು ಎಳೆದುಕೊಂಡಳು. ಅವಳ ಮುಖ ಎಷ್ಟೋ ಕಾಲದ ಮೇಲೆ ತಿಳಿಯಾಗಿತ್ತು. "ಗುಲಾಬಿಗೂ ಇಲ್ಲ ಗೊತ್ತಾ. ಅವಳು ಎಣ್ಣೆಯನ್ನೂ ಬಿಟ್ಟು ಬಂದಳು."

ಶೀನಪ್ಪ ಒಂದು ತುತ್ತು ನುಂಗಿ ತಟ್ಟೆಯಿಂದ ಕೈ ತೆಗೆದ. ವಾರಿಜ ಆ ದಿನ ಹೊಟ್ಟೆ ತುಂಬ ಉಂಡಳು.