ಸುಮಿತ್ರಾಬಾಯಿಯ ಐತವಾರ

ಸಿದ್ದಲಿಂಗ ಟ್ರಂಕನ್ನು ಬೋರಲು ಹಾಕಿ ಒಳಗಿದ್ದುದನ್ನೆಲ್ಲ ನೆಲಕ್ಕೆ ಸುರುವಿದ. ಅವ್ವನ ನಾಲ್ಕು ಸೀರೆ, ಎರಡು ಕುಪ್ಪಸ, ಪಿಂಚಣಿಯ ಪಾಸ್‌ಬುಕ್ಕು, ಎಂದೋ ತಂದ ಗುಳಿಗೆಯ ಪಾಕೀಟು. ಆಧಾರ ಕಾರ್ಡು ಮಾತ್ರ ಇಲ್ಲ.

ಪಡಸಾಲೆಯಲ್ಲಿ ಅವ್ವ ಕೂತಿದ್ದಳು. ಬೆಳಿಗ್ಗೆ ಅಂಗಳ ಕಸ ಹೊಡೆಯುತ್ತಿದ್ದ ಸುಮಿತ್ರಾಬಾಯಿ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಅರವತ್ತೆರಡು ವರ್ಷ. ಈಗ ಮೈ ತೊಳೆದು, ಹಣೆಗೆ ತೋಳಿಗೆ ವಿಭೂತಿ ಬಳಿದು, ಲಿಂಗಾಯತರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದ್ದರು. ಮಟಕಿಯ ಅರ್ಧ ಊರು ಅಂಗಳದಲ್ಲಿತ್ತು. ನಾಲ್ಕು ಗಂಟೆಗೆ ಮಣ್ಣು ಎಂದು ಅಯ್ಯನವರು ಹೇಳಿ ಹೋಗಿದ್ದರು.

ಕಾರ್ಡು ಬೇಕಾಗಿದ್ದು ಫೋಟೋಕ್ಕೆ. ಸಿದ್ದಲಿಂಗನ ಕಾಕಾನ ಮಗ ಸೈದಪ್ಪ, ಊರಲ್ಲಿ ಯಾರ ಮನೆಯ ಮದುವೆಯಾಗಲಿ ಸಾವಾಗಲಿ ಉಸ್ತುವಾರಿಯನ್ನೆಲ್ಲ ತಾನೇ ಹೊತ್ತುಕೊಳ್ಳುವವನು, ಆಗಲೇ ಆಳಂದದ ಸ್ಟುಡಿಯೋಕ್ಕೆ ಫೋನು ಮಾಡಿದ್ದ. ಒಂದು ನೆಟ್ಟಗಿನ ಫೋಟೋ ಕಳಿಸಿದರೆ ಎರಡು ತಾಸಿನಲ್ಲಿ ದೊಡ್ಡದು ಮಾಡಿ ಕಟ್ಟು ಹಾಕಿ ಕೊಡುತ್ತೇವೆಂದಿದ್ದರಂತೆ. ಸುಮಿತ್ರಾಬಾಯಿಯ ನೆಟ್ಟಗಿನ ಫೋಟೋ ಲೋಕದಲ್ಲಿ ಇದ್ದುದೇ ಒಂದು, ಅದು ಆಧಾರ ಕಾರ್ಡಿನದು. ಮಗನ ಮೊಬೈಲಿನಲ್ಲಿ ಆಕೆ ಹತ್ತಾರು ಕಡೆ ಇದ್ದಳು. ಆದರೆ ಎಲ್ಲದರಲ್ಲೂ ಮೊಮ್ಮಕ್ಕಳ ಕಡೆಗೆ ತಿರುಗಿದ್ದಳು. ಅರ್ಧ ಕೆನ್ನೆ, ಒಂದು ಕಿವಿ, ಅಷ್ಟೇ.

"ಸಿಕ್ತೇನೋ?" ಬಾಗಿಲಲ್ಲಿ ನಿಂತು ಸೈದಪ್ಪ ಕೇಳಿದ.

"ಪಂಚಮಿ ಆದ ಮ್ಯಾಲೆ ಕಳದದಂತ ತಾನೇ ಹೇಳಿದ್ಳು. ಮೂರು ತಿಂಗಳಾತು. ಮನ್ಯಾಗ ಎಲ್ಲ್ಯಾರ ಇರಬೇಕಲ್ಲ." ಸಿದ್ದಲಿಂಗ ಪಾಸ್‌ಬುಕ್ಕನ್ನು ಜಾಡಿಸಿ ನೋಡಿದ.

ಅಡುಗೆಮನೆಯ ಬಾಗಿಲಿಗೆ ಒರಗಿ ಭಾಗ್ಯಜ್ಯೋತಿ ನಿಂತಿದ್ದಳು. ಮನೆಯ ಸೊಸೆ ಆಕೆ. ಕಾರ್ಡು ಎಲ್ಲಿದೆಯೆಂದು ಆಕೆಗೆ ಗೊತ್ತಿತ್ತು. ಅಲಮಾರಿನ ಮೇಲಿನ ಖಾನೆಯಲ್ಲಿ, ಆಕೆಯದೇ ಧಾರೆಸೀರೆಯ ಮೂರನೆಯ ಮಡಿಕೆಯೊಳಗೆ. ತನ್ನ ಕೈಯಾರೆ ಅಲ್ಲಿ ಮುಚ್ಚಿಟ್ಟಿದ್ದಳು.

* * *

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ವರ್ಷ ಮಟಕಿಯ ಹೆಂಗಸರು ದಂಡು ಕಟ್ಟಿಕೊಂಡು ದೂರದೂರದ ದೇವರನ್ನೆಲ್ಲ ಮಾತಾಡಿಸಿಕೊಂಡು ಬಂದರು. ಸುಮಿತ್ರಾಬಾಯಿ ಹೋಗಲಿಲ್ಲ. ನಲವತ್ತು ವರ್ಷ ಕಂಡವರ ತೊಗರಿ ಹೊಲದಲ್ಲಿ ಕಳೆ ಕಿತ್ತು, ತವರುಮನೆ ಮತ್ತು ದವಾಖಾನೆ ಬಿಟ್ಟು ಬೇರೆ ಊರು ಕಾಣದ ಜೀವ ಅದು. ಆಕೆಗೆ ದೂರ ಬೇಕಿರಲಿಲ್ಲ. ಮಕ್ಕಳು ಜೊತೆಗಿರಬೇಕು, ಹೊತ್ತು ಮುಳುಗುವುದರೊಳಗೆ ಮನೆಗೆ ಬರಬೇಕು, ಇವೆರಡೇ ಆಕೆಯ ಶರತ್ತು.

ಹಾಗಾಗಿ ಐತವಾರ ಬಂತೆಂದರೆ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿ, ಮೊಮ್ಮಕ್ಕಳಾದ ಐಶ್ವರ್ಯಾ, ದೇವಾನಂದ ಇಬ್ಬರನ್ನೂ, ಪಕ್ಕದ ಮನೆಯ ವಜೀರುನ್ನಿಸಾಳ ಮೊಮ್ಮಗಳು ಜಸ್ಮೀನಳನ್ನೂ ಕರೆದುಕೊಂಡು ಹೊರಟುಬಿಡುತ್ತಿದ್ದಳು. ಒಂದು ವಾರ ಜಿಡಗಾ ಮಠ, ಪ್ರಸಾದ ಉಂಡು ಗಿಡದ ನೆರಳಲ್ಲಿ ಒಂದು ನಿದ್ದೆ. ಒಂದು ವಾರ ಗಾಣಗಾಪುರದ ಸಂಗಮದಲ್ಲಿ ಪಾದ ಮುಳುಗುವಷ್ಟು ನೀರು. ಇನ್ನೊಂದು ವಾರ ಕಲಬುರಗಿಯಲ್ಲಿ ರೈಲಿನ ಡಬ್ಬಿ ಎಣಿಸುವುದು. ಒಮ್ಮೆ ಬೇಳೆ ಮಿಲ್ಲಿನ ಬಾಗಿಲಿಗೇ ಕರೆದುಕೊಂಡು ಹೋಗಿ ಕೂತಳು. ತೊಗರಿ ಬೇಳೆಯಾಗುವುದನ್ನು ಮಕ್ಕಳು ನೋಡಲಿ ಎಂದು ಮಾಲಕನಿಗೆ ಹೇಳಿದಳಂತೆ. ನಿಜ ಹೇಳಬೇಕೆಂದರೆ ನಲವತ್ತು ವರ್ಷದಲ್ಲಿ ಆಕೆಯೂ ನೋಡಿರಲಿಲ್ಲ. ಗದರಲು ಬಂದ ಮಾಲಕ ನಾಲ್ಕು ಕುರ್ಚಿ ಹಾಕಿಸಿದ.

ಅಕ್ಷರ ಬಾರದ ಹೆಂಗಸು ಮೂರು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಬದಲಿಸುವುದೆಂದರೆ ಸಾಮಾನ್ಯ ಮಾತಲ್ಲ. ಬೋರ್ಡು ಓದುವ ಕೆಲಸ ಮೂರನೆಯ ಇಯತ್ತೆಯ ಐಶ್ವರ್ಯಾಳದು. ನೀರಿನ ಬಾಟಲಿ ಜಸ್ಮೀನಳದು. ಐದು ವರ್ಷದ ದೇವಾನಂದನಿಗೆ ಎಲ್ಲಕ್ಕಿಂತ ದೊಡ್ಡ ಕೆಲಸ. ಬಸ್ಸು ನಿಂತ ಕೂಡಲೇ ಜನರ ಕಾಲ ಸಂದಿಯಲ್ಲಿ ತೂರಿ ಹತ್ತಿ, ಆಯಿಯ, ಎಂದರೆ ಅಜ್ಜಿಯ, ಟವೆಲ್ಲು ಹಾಸಿ ಸೀಟು ಹಿಡಿಯಬೇಕು. ಆಯಿ ಬರುವ ತನಕ ಯಾರು ಬಂದರೂ ಏಳಕೂಡದು.

ಆ ಹುಡುಗ ಒಂದು ದಿನ ಜೇವರ್ಗಿಯಲ್ಲಿ ಸೀಟು ಹಿಡಿದ. ಭೀಮೆಯ ಸೇತುವೆ ನೋಡಿಕೊಂಡು, ಜೇವರ್ಗಿಯಲ್ಲಿ ಸುಸಲಾ ಮಿರ್ಚಿ ತಿಂದು ಕಲಬುರಗಿಯ ಬಸ್ಸು ಕಾಯುತ್ತಿದ್ದಾಗ, ಅವನು ಟವೆಲ್ಲು ತೆಗೆದುಕೊಂಡು ವಿಜಯಪುರದ ಬಸ್ಸು ಹತ್ತಿಬಿಟ್ಟ. ಊರು ದಾಟಿದ ಮೇಲೆ ಕಂಡಕ್ಟರು ಯಾರ ಜೋಡಿ ಬಂದೀ ಅಂತ ಕೇಳಿದರೆ, ಮೂವರ ಸೀಟಿನ ಮೇಲೆ ಅಂಗಾತ ಮಲಗಿ, ಇದು ನಮ್ಮ ಆಯಿ ಸೀಟು, ಯಾರೂ ಕೂಡಬ್ಯಾಡ್ರಿ ಎಂದನಂತೆ. ಎದುರಿಗೆ ಬಂದ ಬಸ್ಸಿನಲ್ಲಿ ಅವನನ್ನು ಕೂಡಿಸಿ ಕಳಿಸಿದರು. ಮುಕ್ಕಾಲು ತಾಸು. ಅಷ್ಟು ಹೊತ್ತೂ ಸುಮಿತ್ರಾಬಾಯಿ ನಿಲ್ದಾಣದ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಿದ್ದನ್ನು ಎರಡೂ ಹೆಣ್ಣುಮಕ್ಕಳು ನೋಡಿದವು.

ಮನೆಗೆ ಬಂದು ಹೊಸ್ತಿಲು ದಾಟುವ ಮೊದಲೇ ಆಕೆ ಎಲ್ಲ ಹೇಳಿದಳು. ಮಗ ಇದ್ದ, ಸೊಸೆ ಇದ್ದಳು, ಓಣಿಯವರೂ ಇದ್ದರು. "ತಪ್ಪು ನಂದದ, ಭಾಗ್ಯಾ. ನಾ ಕಲಿಸಿದ್ದೇ ಅವ ಮಾಡ್ಯಾನ" ಎಂದಳು.

ಭಾಗ್ಯಜ್ಯೋತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಯಲ್ಲಿ ಕೂತು ಸೀರೆಗೆ ಫಾಲು ಹಚ್ಚುವವಳು ಆಕೆ, ಗಂಡನಿಲ್ಲದೆ ಆಳಂದಕ್ಕೂ ಹೋದವಳಲ್ಲ. ಮಗ ಇಲ್ಲದ ಆ ಮುಕ್ಕಾಲು ತಾಸನ್ನು ಆಕೆ ರಾತ್ರಿಯೆಲ್ಲ ಎಣಿಸಿದಳು. ಅದರ ಜೊತೆಗೆ ಇನ್ನೊಂದೂ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಾರವಿಡೀ ಮಕ್ಕಳ ಬಾಯಲ್ಲಿ ಆಯಿ, ಆಯಿ, ಆಯಿ. ಹೊಟ್ಟೆಕಿಚ್ಚು ಹೆತ್ತವಳಿಗೂ ಆಗುತ್ತದೆ. ಮರುದಿನ ಅತ್ತೆ ಹಿತ್ತಲಿಗೆ ಹೋದಾಗ ಕಾರ್ಡು ತೆಗೆದಳು. ಕಾರ್ಡು ತೋರಿಸದಿದ್ದರೆ ಬಸ್ಸಿನಲ್ಲಿ ಪುಕ್ಕಟೆ ಟಿಕೆಟ್ಟಿಲ್ಲ, ಟಿಕೆಟ್ಟಿಲ್ಲದಿದ್ದರೆ ಐತವಾರವೂ ಇಲ್ಲ.

* * *

ಹೆಂಗಸರು ನೀರು ಕುಡಿಯಲು ಎದ್ದಾಗ ಭಾಗ್ಯಜ್ಯೋತಿ ಕೋಣೆಗೆ ಹೋದಳು. ಕಾರ್ಡನ್ನು ಮೆಲ್ಲಗೆ ಟ್ರಂಕಿನ ಹಿಂದೆ ಬಿಸಾಡಿದರೆ ಯಾರಿಗಾದರೂ ಸಿಗುತ್ತದೆ, ಮಾತು ಮುಗಿಯುತ್ತದೆ. ಧಾರೆಸೀರೆಯ ಮಡಿಕೆಯಿಂದ ಅದನ್ನು ತೆಗೆದು ತಿರುಗುವಷ್ಟರಲ್ಲಿ ಬಾಗಿಲಲ್ಲಿ ವಜೀರುನ್ನಿಸಾ ನಿಂತಿದ್ದಳು. ಮೊಣಕಾಲು ನೋವಿನ ಮುದುಕಿ, ಸುಮಿತ್ರಾಬಾಯಿಯ ಜೊತೆ ನಲವತ್ತು ವರ್ಷ ಅದೇ ಹೊಲಗಳಲ್ಲಿ ಬಗ್ಗಿದವಳು.

"ನಿಮ್ಮತ್ತಿ ಸುಮಿತ್ರಾಬಾಯಿಗಿ ಇದು ಗೊತ್ತಿತ್ತು, ಬೇಟಾ" ಎಂದಳು ಆಕೆ.

ಭಾಗ್ಯಜ್ಯೋತಿ ಅಲಮಾರಿನ ಬಾಗಿಲು ಹಿಡಿದುಕೊಂಡಳು.

"ದಸರಾದಾಗ ನಿನ್ನ ಸೀರಿ ಬಿಸಲಿಗಿ ಹಾಕಾಕ ತಗದ್ಳಲ್ಲ, ಆವಾಗ ಕಾರ್ಡು ಬಿತ್ತು. ನಾ ಇಲ್ಲೇ ಕುಂತಿದ್ದೆ. ತಗೋ ಬೇ, ನಿಂದೇ ಅದ ಅಂದೆ. ತಗೊಳ್ಳಿಲ್ಲ. ಒರಸಿ, ಮತ್ತ ಅಲ್ಲೇ ಇಟ್ಳು."

"ಏನಂದ್ರು, ಖಾಲಾ?"

"ಅಂಜಿ ಇಟ್ಟಾಳ ಅಂದ್ಳು. ಅಂಜಿಕಿ ಹೋದ ದಿವಸ ತಾನೇ ತಗದು ಕೊಡ್ತಾಳ. ಈಗ ನಾ ತಗೊಂಡ್ರ ಅಕಿ ಕಳ್ಳಿ ಆಗ್ತಾಳ ಅಂದ್ಳು."

ಮುಂದಿನದನ್ನು ವಜೀರುನ್ನಿಸಾ ಹೇಳುತ್ತ ಹೋದಂತೆ ಭಾಗ್ಯಜ್ಯೋತಿಗೆ ಆ ಐತವಾರಗಳೆಲ್ಲ ಬೇರೆಯಾಗಿ ಕಂಡವು. ಕಾರ್ಡು ಹೋದ ಮೇಲೆ ಅತ್ತೆ ಮಕ್ಕಳನ್ನು ನಡೆಸಿಕೊಂಡೇ ಹೋಗುತ್ತಿದ್ದಳು. ಹಳ್ಳದ ತನಕ, ಇಟ್ಟಂಗಿ ಭಟ್ಟಿಯ ತನಕ, ನೀರಿನ ಟಾಕಿಯ ತನಕ. ಮೆಟ್ಟು ಸವೆಸುವುದಕ್ಕೇ ಹುಟ್ಟಿದ್ದಾಳೆ ಎಂದು ಭಾಗ್ಯಜ್ಯೋತಿ ಒಳಗೊಳಗೇ ಗೊಣಗಿದ್ದಳು. ಮಕ್ಕಳು ಬಸ್ಸಿಗಾಗಿ ಹಟ ಮಾಡಿದಾಗ ಆಯಿ ಏನು ಹೇಳುತ್ತಿದ್ದಳೆಂದು ಆಕೆಗೆ ಇಂದೇ ತಿಳಿದದ್ದು. ಇನ್ನ ಮುಂದ ನಿಮ್ಮವ್ವನೇ ಬಸ್ಸಿನ್ಯಾಗ ಕರಕೊಂಡು ಹೋಗ್ತಾಳ, ಅಕಿಗಿ ಜರಾ ಪುರಸತ್ತ ಆಗಲಿ ಎನ್ನುತ್ತಿದ್ದಳಂತೆ.

"ಈಗ ಅದು ನನ್ನ ಕೈಯಾಗ ಕೊಡು" ವಜೀರುನ್ನಿಸಾ ಕೈ ಚಾಚಿದಳು. "ನಮ್ಮ ಮನ್ಯಾಗ ಬಿಟ್ಟಿದ್ಳು ಅಂತ ಹೇಳ್ತೇನಿ. ನನಗ ಯಾರು ಏನಂತಾರ?"

ಎಂಥ ಸುಲಭದ ದಾರಿ ಅದು. ಹೊರಗೆ ಗಂಡನ ಕಡೆಯವರೆಲ್ಲ ಕೂತಿದ್ದರು, ಅವರ ನಾಲಿಗೆ ಎಂಥದೆಂದು ಭಾಗ್ಯಜ್ಯೋತಿಗೆ ಗೊತ್ತಿರಲಿಲ್ಲವೆಂದಲ್ಲ. ಅತ್ತೆ ಹೊಸ್ತಿಲ ಹೊರಗೇ ನಿಂತು ತಪ್ಪು ನಂದದ ಎಂದದ್ದು ನೆನಪಾಯಿತು. ಕಾರ್ಡನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ, ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಪಡಸಾಲೆಗೆ ನಡೆದಳು.

ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಹೊಂದಿಸುತ್ತಿದ್ದರು.

"ರೀ, ತಗೋರಿ. ಕಳದಿದ್ದಿಲ್ಲ. ನಾನೇ ಮುಚ್ಚಿಟ್ಟಿದ್ದೆ."

ಸಿದ್ದಲಿಂಗ ಕಾರ್ಡನ್ನೂ ಹೆಂಡತಿಯನ್ನೂ ನೋಡಿದ. "ಅವ್ವ ಮೂರು ತಿಂಗಳು ಹುಡುಕಿದ್ಳು" ಎಂದ.

"ಎರಡು. ಆಮ್ಯಾಲೆ ಅವರಿಗಿ ಗೊತ್ತಾಗಿತ್ತಂತ."

ಸಿದ್ದಲಿಂಗ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಬೆಳಗಿನಿಂದ ಕಲ್ಲಿನಂತೆ ಓಡಾಡಿಕೊಂಡಿದ್ದ. ಹೊಸ ಕಾರ್ಡು ತೆಗೆಸುತ್ತೇನೆಂದು ದಸರೆಯ ಮರುದಿನ ಅವನು ಎದ್ದು ನಿಂತಾಗ, ಬ್ಯಾಡ ಬಿಡು, ಸಿಗ್ತದ, ನಿನ್ನ ಪಗಾರ ಯಾಕ ಕೆಡಸ್ತಿ ಎಂದು ಅವ್ವ ಕೂಡಿಸಿದ್ದಳು. ಈಗ ಅವ್ವನ ಪಾದದ ಹತ್ತಿರ ಕುಸಿದು ಕೂತು ದನಿ ತೆಗೆದು ಅತ್ತ. ಭಾಗ್ಯಜ್ಯೋತಿಯೂ ಅವನ ಪಕ್ಕದಲ್ಲೇ ಕೂತಳು. ಹೊಟ್ಟೆಯೊಳಗಿನದೆಲ್ಲ ಕಿತ್ತು ಬರುವ ಹಾಗೆ ಅತ್ತಳು, ಆಕೆಗೆ ಯಾರ ನಾಚಿಕೆಯೂ ಇರಲಿಲ್ಲ. ಯಾರೋ ಏನೋ ಅಂದರು, ಯಾರೂ ಅದಕ್ಕೆ ದನಿಗೂಡಿಸಲಿಲ್ಲ. ಸೈದಪ್ಪ ಕಾರ್ಡನ್ನು ಎತ್ತಿಕೊಂಡು, ಬಿಸಿಲಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ಹೊಡೆದ.

ಮೂರು ಗಂಟೆಗೆ ಆಳಂದದಿಂದ ಕಟ್ಟು ಹಾಕಿದ ಫೋಟೋ ಬಂತು. ಸುಮಿತ್ರಾಬಾಯಿ ಅದರಲ್ಲಿ ಕಣ್ಣು ಬಿಟ್ಟುಕೊಂಡು, ತುಟಿ ಬಿಗಿದುಕೊಂಡು, ಯಾರೋ ಗದರಿಸಿ ಕೂಡಿಸಿದವರ ಹಾಗೆ ಇದ್ದಳು. ದೇವಾನಂದ ಹತ್ತಿರ ಹೋಗಿ ನೋಡಿ ಬಂದ. "ಇದು ಆಯಿ ಅಲ್ಲ. ಆಯಿ ಹಿಂಗ ನೋಡಂಗಿಲ್ಲ" ಎಂದ.

ಹೊರಡುವಾಗ ಸೈದಪ್ಪನ ಅವ್ವ ಮಕ್ಕಳನ್ನು ವಜೀರುನ್ನಿಸಾಳ ಮನೆಯಲ್ಲಿ ಬಿಡಲು ಹೇಳಿದಳು. ಎಳೆ ಮಕ್ಕಳು ಮಣ್ಣು ಮಾಡುವಲ್ಲಿಗೆ ಬರುವ ರೂಢಿ ಇರಲಿಲ್ಲ, ಹೆದರಿಕೊಳ್ಳುತ್ತಾರೆ ಎಂದು.

"ಅವರ ಜೋಡಿ ಎಲ್ಲಾ ಕಡಿ ಹೋಗ್ಯಾವ, ಚಿಗವ್ವ" ಎಂದಳು ಭಾಗ್ಯಜ್ಯೋತಿ. "ಇಲ್ಲಿಗೂ ಬರಲಿ. ನಾ ಕರಕೊಂಡು ಬರ್ತೇನಿ."

ಬೆಳಗಿನಿಂದ ಅಳುಕುತ್ತಿದ್ದ ದನಿ ಅದಾಗಿರಲಿಲ್ಲ. ವಜೀರುನ್ನಿಸಾ ಜಸ್ಮೀನಳ ತಲೆಗೆ ಓಢಣಿ ಹೊದಿಸಿ ಮುಂದೆ ತಳ್ಳಿದಳು.

ಮಣ್ಣು ಮಾಡಬೇಕಾದ ಸೈದಪ್ಪನವರ ಹೊಲ ಡಾಂಬರು ರಸ್ತೆಯ ಆಚೆಗಿತ್ತು. ಹೂಬಿಟ್ಟ ತೊಗರಿಯ ನಡುವೆ ಕುಣಿ ತೋಡಿದ್ದರು. ಅಯ್ಯನವರು ಮಂತ್ರ ಹೇಳಿದರು, ಪತ್ರಿ ಏರಿಸಿದರು, ಸುಮಿತ್ರಾಬಾಯಿಯನ್ನು ಒಳಗಿನ ಗೂಡಿನಲ್ಲಿ ಕೂಡಿಸಿದರು. ಮೂರೂ ಮಕ್ಕಳು ಒಂದೊಂದು ಹಿಡಿ ಮಣ್ಣು ಹಾಕಿದವು. ದೇವಾನಂದ ಬಗ್ಗಿ ಒಳಗೆ ನೋಡಿ, ಆಯಿಗಿ ಸೀಟ್ ಸಿಕ್ತು ಎಂದು ಅಕ್ಕನ ಕಿವಿಯಲ್ಲಿ ಹೇಳಿದ. ಹತ್ತಿರವಿದ್ದವರಿಗೆ ಕೇಳಿಸಿತು. ಸಲಿಕೆ ಹಿಡಿದಿದ್ದ ಸೈದಪ್ಪ ಆಚೆ ಮುಖ ಮಾಡಿದ.

ಗಂಡಸರು ಮಣ್ಣು ಎಳೆಯುತ್ತಿರುವಾಗ ಭಾಗ್ಯಜ್ಯೋತಿ ಮಕ್ಕಳೊಂದಿಗೆ ಮನೆಯ ಕಡೆ ಹೊರಟಳು. ರಸ್ತೆಗೆ ಬಂದು ನಿಂತಳು. ಕಬ್ಬಿನ ಹಂಗಾಮು, ಎರಡೆರಡು ಟ್ರೇಲರು ಹೇರಿಕೊಂಡ ಟ್ರ್ಯಾಕ್ಟರುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಬರುವಾಗ ಜನರ ನಡುವೆ ದಾಟಿದ್ದು ತಿಳಿದಿರಲಿಲ್ಲ. ಈಗ ತಾನೊಬ್ಬಳೇ, ಮೂರು ಮಕ್ಕಳು. ಆಕೆ ದೇವಾನಂದನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅವನು ಕೊಸರಿದ. ಇನ್ನೂ ಗಟ್ಟಿಯಾಗಿ ಹಿಡಿದಳು.

"ಹಂಗ ಹಿಡೀಬ್ಯಾಡ, ಅವ್ವ" ಎಂದಳು ಐಶ್ವರ್ಯಾ. "ನೀ ಹಿಡದ್ರ ಜಗ್ಗತಾನ. ಬೆರಳ ಕೊಡು, ತಾನೇ ಹಿಡೀತಾನ."

ಭಾಗ್ಯಜ್ಯೋತಿ ಮಗಳನ್ನು ನೋಡಿದಳು. ಟ್ರ್ಯಾಕ್ಟರು ಹತ್ತಿರ ಬರುತ್ತಿತ್ತು. ಮುಷ್ಟಿ ಬಿಡಲು ಆಕೆಗೆ ಒಂದು ಗಳಿಗೆ ಬೇಕಾಯಿತು. ಬಿಟ್ಟಾಗ ಹುಡುಗನ ಕೈಮೇಲೆ ಕೆಂಪಗೆ ನಾಲ್ಕು ಬೆರಳಿನ ಗುರುತಿತ್ತು. ಆಕೆ ತೋರುಬೆರಳೊಂದನ್ನು ಕೆಳಗೆ ಇಳಿಬಿಟ್ಟು ನಿಂತಳು. ಇನ್ನೊಂದು ಕೈಯ ಬೆರಳನ್ನು ಜಸ್ಮೀನ ಆಗಲೇ ಹಿಡಿದಿದ್ದಳು.

ಟ್ರ್ಯಾಕ್ಟರು ಧೂಳೆಬ್ಬಿಸಿಕೊಂಡು ಹೋಯಿತು. ದೇವಾನಂದ ಮಣಿಕಟ್ಟು ಉಜ್ಜಿಕೊಂಡು ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಕೈ ಎತ್ತಿ ಅವ್ವನ ಬೆರಳನ್ನು ಹಿಡಿದುಕೊಂಡ. ಎಷ್ಟು ಬಿಗಿಯಾಗಿ ಹಿಡಿದನೆಂದರೆ ಬೆರಳಿನ ತುದಿ ಬಿಳಿಚಿಕೊಂಡಿತು.