ಷಡ್ಡಕನಿಗೆ ಶಾಕ್ ಕೊಡಿಸಿದ್ದು

ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ, ವೈರಿಂಗ್ ಕೆಲಸದವನು. ಅವನಿಗೆ ಇದುವರೆಗೆ ಹೊಡೆದಿರುವ ಕರೆಂಟನ್ನು ಕೂಡಿಸಿಟ್ಟಿದ್ದರೆ ಇಡೀ ಊರಿಗೆ ಒಂದು ವರ್ಷ ದೀಪ ಉರಿಸಬಹುದಿತ್ತು. ಅಂಥ ಗಂಡುಗಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಆಪರೇಷನ್ ಗೆದ್ದು ಬಂದವನು, ಹಾಸಿಗೆ ಸುತ್ತಿಕೊಂಡು ನಡುಮನೆಗೆ ಹೋಗಿ ಮಲಗತೊಡಗಿದ. ಗೊರಕೆಯ ನೆಪ. ನಿಜವೆಂದರೆ, ಗಂಡಸ್ತನ ಕೈಕೊಟ್ಟಿತ್ತು. ಹೆಂಡತಿಗೆ ಹೇಳಲು ನಾಲಿಗೆ ಏಳಲಿಲ್ಲ. ಅವಳೋ, ಗಂಡನಿಗೆ ತಾನು ಬೇಡವಾದೆನೆಂದು ಒಳಗೊಳಗೇ ಸವೆಯುತ್ತಿದ್ದಳು.

ಡಾಕ್ಟರಮ್ಮ, ಶಾಕ್ ವೇವ್ ಅಂತ ಒಂದು ಚಿಕಿತ್ಸೆ ಇದೆ, ನೋಡೋಣ ಎಂದಿದ್ದರು. ಇವನ ಕಿವಿಗೆ ಬಿದ್ದದ್ದು ಶಾಕ್ ಒಂದೇ.

"ಅಣ್ಣಾ, ಬೆರಳಿಗೆ ಹೊಡೆದ್ರೇನೇ ಭುಜದ ತನಕ ಜುಮ್ಮನ್ನುತ್ತೆ. ಅಲ್ಲಿಗೆ ಹೊಡೆದ್ರೆ ಉಳಿಯೋದೇನು?" ಅಂದ.

ಹುಲಿಯನ್ನೇ ಕಿವಿ ಹಿಡಿದು ತಂದವನು ನಾನು. ಷಡ್ಡಕ ಯಾವ ಲೆಕ್ಕ? ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿ ಇವನು ಯಂತ್ರದ ಹಿಂದೆ ಬಗ್ಗಿ ನೋಡಿ, ಎಷ್ಟು ವೋಲ್ಟು, ಅರ್ಥಿಂಗ್ ಸರಿಯಿದೆಯಾ ಎಂದು ಡಾಕ್ಟರಮ್ಮನನ್ನೇ ವಿಚಾರಣೆಗೆ ನಿಲ್ಲಿಸಿದ. ಅವರು ನಗು ನುಂಗಿಕೊಂಡು ಹೇಳಿದರು: ಮೈಗೆ ಕರೆಂಟು ಹರಿಯುವುದಿಲ್ಲ, ಇದು ಸದ್ದಿನಂಥ ಅಲೆ, ಮೆಲ್ಲಗೆ ತಟ್ಟಿ ರಕ್ತದ ಓಡಾಟ ಹೆಚ್ಚಿಸುವ ಪ್ರಯತ್ನ. ಆಪರೇಷನ್ನಿನಲ್ಲಿ ನೊಂದ ನರ ಚೇತರಿಸಿಕೊಳ್ಳಲು ಹೇಗೂ ತಿಂಗಳುಗಟ್ಟಲೆ ಬೇಕು. ಇದು ಫಲಿಸಿಯೇ ತೀರುತ್ತದೆಂಬ ಖಾತ್ರಿ ಇಲ್ಲ. ಇಲ್ಲದಿದ್ದರೆ ಮಾತ್ರೆಯೋ ಬೇರೆ ದಾರಿಯೋ ನೋಡಬಹುದು. ಮನೆಯವರಿಗೆ ಗೊತ್ತು ತಾನೇ ಎಂದರು. ಇವನು ಗೋಡೆ ನೋಡಿದ.

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳೂ ತನ್ನ ತಂಗಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೀಗಾಗಿ ಆ ತಂಗಿಯೇ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಷಡ್ಡಕನ ಮುಖ ಫ್ಯೂಸು ಹೋದ ಬಲ್ಬಿನಂತಾಯಿತು.

ಅವಳು ಪಕ್ಕದಲ್ಲಿ ಕೂತಳು. ಅವನು ನೆಲ ನೋಡುತ್ತಲೇ ಕೇಳಿದ, "ಇದ್ರಿಂದ ಏನೂ ಆಗದೇ ಹೋದ್ರೆ?"

"ಆಗದಿದ್ರೆ ಬೇಡ. ನಂಗೆ ನೋವಾಗಿದ್ದು ಅದಕ್ಕಲ್ಲ. ಡಾಕ್ಟ್ರು ಕತ್ತರಿ ಹಾಕಿದ್ದು ಎಲ್ಲಿಗೋ. ನೀವು ಮಾತಿಗೂ ಹಾಕಿಬಿಟ್ರಿ."

ಅವನು ಬಾಯಿ ತೆರೆದ, ನಮ್ಮ ಕಡೆ ನೋಡಿ ಮುಚ್ಚಿಕೊಂಡ. ಡಾಕ್ಟರಮ್ಮ ಎದ್ದು ಹೊರಟರು. ನನ್ನನ್ನು ಆಚೆ ನಡಿ ಎನ್ನುವ ನರಪ್ರಾಣಿ ಇನ್ನೂ ಹುಟ್ಟಿಲ್ಲ. ಆದರೂ ನಾನಾಗಿಯೇ ಹೋಗಿ ಬಾಗಿಲು ಎಳೆದುಕೊಂಡೆ. ಹೊರಗೆ ಕಾದದ್ದು ಒಂದು ಯುಗವಾದರೂ ಇದ್ದೀತು. ಒಳಗೆ ಅವನು ಮಾತಾಡುತ್ತಲೇ ಇದ್ದ.